ರಜೆ ಹಾಕಿದರೆ ಸಾಲದು, ಲೀವ್ ಗ್ರಾಂಟ್ ಆಗಬೇಕು

ಕನ್ನಡ ಮಾಧ್ಯಮದಲ್ಲಿ ಓದಿದ ಯಾರನ್ನಾದರೂ ಸರಿರಾತ್ರಿಯಲ್ಲಿ ಎಬ್ಬಿಸಿ ಕೇಳಿ, ಇಂಗ್ಲಿಷಿನ ರಜಾ ಅರ್ಜಿಯನ್ನು ತಡವರಿಸದೆ ಒಪ್ಪಿಸುತ್ತಾರೆ. 'ಆ್ಯಸ್ ಐ ಆ್ಯಮ್ ಸಫರಿಂಗ್ ಫ್ರಮ್ ಫೀವರ್, ಐ ಆ್ಯಮ್ ಅನೇಬಲ್ ಟು ಅಟೆಂಡ್ ದಿ ಕ್ಲಾಸ್. ಕೈಂಡ್ಲಿ ಗ್ರಾಂಟ್ ಮಿ ಲೀವ್ ಫಾರ್ ಟೂ ಡೇಸ್.' ನ್ಯಾಮತಿ ತಾಲ್ಲೂಕಿನ ಗೋವಿನಕೋವಿಯಲ್ಲಿ ಓದಿದವರ ಅರ್ಜಿಯೂ ಇದೇ, ಜಗಳೂರಿನ ಬಯಲುಸೀಮೆಯಲ್ಲಿ ಓದಿದವರದೂ ಇದೇ. ಊರಲ್ಲಿ ಜಾತ್ರೆ ಇರಲಿ, ಅಕ್ಕನ ಮದುವೆ ಇರಲಿ, ಮನೆಯಲ್ಲಿ ಅಡಿಕೆ ಸುಲಿಯುವ ಕೆಲಸ ಇರಲಿ, ಅರ್ಜಿಯಲ್ಲಿ ಬರುವುದು ಮಾತ್ರ ಫೀವರ್.

ಇದನ್ನು ತಮಾಷೆಗೆ ನೆನೆಯುವವರೇ ಹೆಚ್ಚು. ಆದರೆ ಈ ಅರ್ಜಿಯಲ್ಲಿ ಒಂದು ಮಾತೂ ಜಾಗ ತಪ್ಪಿಲ್ಲ ಎಂಬುದನ್ನು ಗಮನಿಸಬೇಕು. 'ಫೀವರ್' ಬಂದವನು 'ಸಫರ್' ಆಗುತ್ತಾನೆ, ಅದೂ 'ಫ್ರಮ್' ಜೊತೆಗೆ. 'ಕ್ಲಾಸ್' ಎಂದರೆ 'ಅಟೆಂಡ್'. 'ಲೀವ್' ಎಂದರೆ 'ಗ್ರಾಂಟ್'. ಲಂಡನ್ನಿನ ಕಚೇರಿಗೆ ಕಳಿಸಿದರೂ ಇದರಲ್ಲಿ ತಪ್ಪು ಹುಡುಕಲಾಗದು; ಹಳೆಯ ಕಾಲದ ಬಿಗಿ ಶೈಲಿ ಎನ್ನಬಹುದು, ಅಷ್ಟೇ. ಇದೇ ಅರ್ಜಿ ಬರೆದ ಹುಡುಗ ಮುಂದೆ ಕೆಲಸಕ್ಕೆ ಸೇರಿ, ಸ್ವಂತ ಬುದ್ಧಿಯಿಂದ ಮೇಲಧಿಕಾರಿಗೆ ಬರೆಯುವಾಗ 'ಐ ಆ್ಯಮ್ ಪುಟ್ಟಿಂಗ್ ಲೀವ್ ಟುಮಾರೊ' ಎನ್ನುತ್ತಾನೆ. 'ಐ ಡಿಡ್ ಎ ಮಿಸ್ಟೇಕ್' ಎನ್ನುತ್ತಾನೆ. 'ಪ್ಲೀಸ್ ಪುಟ್ ಯುವರ್ ಸೈನ್' ಎನ್ನುತ್ತಾನೆ. ಇವುಗಳಲ್ಲಿ ಕರ್ತೃ, ಕರ್ಮ, ಕ್ರಿಯಾಪದ ಎಲ್ಲ ಇವೆ, ಕಾಗುಣಿತವೂ ಸರಿಯಿದೆ. ಆದರೂ ಇಂಗ್ಲಿಷ್ ಬಲ್ಲವರ ಕಿವಿಗೆ ಎಡವಿದ ಹಾಗಾಗುತ್ತದೆ.

ಕಾರಣ ಸರಳ. ಅರ್ಜಿ ಬಾಯಿಪಾಠವಾದದ್ದು ಇಡಿಯಾಗಿ. ಉಳಿದ ಇಂಗ್ಲಿಷ್ ತಲೆಗೆ ಹೋದದ್ದು ಬಿಡಿಬಿಡಿಯಾಗಿ. ನಮ್ಮ ಶಾಲೆಗಳ ಇಂಗ್ಲಿಷ್ ನೋಟ್‌ಬುಕ್ಕಿನಲ್ಲಿ ನಡುವೆ ಒಂದು ಗೆರೆ ಇರುತ್ತದೆ. ಎಡಕ್ಕೆ ಪದ, ಬಲಕ್ಕೆ ಅರ್ಥ. ಎಡಕ್ಕೆ 'ಪುಟ್', ಬಲಕ್ಕೆ 'ಹಾಕು, ಇಡು'. ಎಡಕ್ಕೆ 'ಡೂ', ಬಲಕ್ಕೆ 'ಮಾಡು'. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಐದನೆಯ ತರಗತಿಯಿಂದ ಶುರುವಾಗುತ್ತಿದ್ದ ಕಾಲವಿತ್ತು. 2007ರಿಂದ ಒಂದನೆಯ ತರಗತಿಗೇ ಬಂತು. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೂ ತೆರೆದವು. ಕಲಿಯುವ ವಯಸ್ಸು ಇಳಿಯಿತು, ನಡುವಿನ ಆ ಗೆರೆ ಮಾತ್ರ ಅಳಿಯಲಿಲ್ಲ. ಮಕ್ಕಳಿಗೆ ವ್ಯಾಕರಣ ಬರುವುದಿಲ್ಲ, ಪದಸಂಪತ್ತು ಸಾಲದು ಎಂದು ಗೊಣಗುವುದು ಸುಲಭ. ನನ್ನ ಮಟ್ಟಿಗೆ ಕೊರತೆ ಅಲ್ಲಿಲ್ಲ. ಪದ ಗೊತ್ತು, ಅದರ ಜೊತೆಗಾರ ಯಾರೆಂದು ಗೊತ್ತಿಲ್ಲ.

'ಹಾಕು' ಎಂಬ ಒಂದೇ ಕ್ರಿಯಾಪದವನ್ನು ಹಿಡಿದು ಹೊರಟರೆ ಇದು ಎಷ್ಟು ದೂರ ಹೋಗುತ್ತದೆ ಎಂದು ತಿಳಿಯುತ್ತದೆ. ಗೋವಿನಕೋವಿ ಸೀಮೆಯ ಯಾವುದೇ ರೈತರ ಮನೆಯ ದಿನಚರಿ ತೆಗೆದುಕೊಳ್ಳಿ. ಬೆಳಗ್ಗೆ ಎದ್ದು ದನಕ್ಕೆ ಹುಲ್ಲು ಹಾಕುತ್ತಾರೆ. ಬಾಗಿಲಿಗೆ ರಂಗೋಲಿ ಹಾಕುತ್ತಾರೆ. ಹಾಲು ಕರೆದು ಡೇರಿಗೆ ಹಾಕುತ್ತಾರೆ. ಮಗುವಿಗೆ ಯೂನಿಫಾರಂ ಹಾಕಿ ಶಾಲೆಗೆ ಕಳಿಸಿ, ಮನೆಗೆ ಬೀಗ ಹಾಕಿ, ಗದ್ದೆಗೆ ಹೋಗಿ ಗೊಬ್ಬರ ಹಾಕುತ್ತಾರೆ. ದಾರಿಯಲ್ಲಿ ಸಿಕ್ಕವರು 'ಈ ಸಲ ಹೊಲಕ್ಕೆ ಏನು ಹಾಕಿದ್ರಿ?' ಎಂದರೆ 'ಮೆಕ್ಕೆಜೋಳ ಹಾಕಿದೀವಿ' ಎನ್ನುತ್ತಾರೆ. ಸೊಸೈಟಿಯಲ್ಲಿ ಸಾಲಕ್ಕೆ ಅರ್ಜಿ ಹಾಕುತ್ತಾರೆ, ಅದರ ಕೆಳಗೆ ಸಹಿ ಹಾಕುತ್ತಾರೆ. ಹೊಸ ಮನೆಗೆ ಪಾಯ ಹಾಕುತ್ತಾರೆ. ಚುನಾವಣೆ ಬಂದರೆ ಓಟು ಹಾಕುತ್ತಾರೆ, ಬದುವಿನ ಜಗಳ ವಿಪರೀತಕ್ಕೆ ಹೋದರೆ ಕೇಸು ಹಾಕುತ್ತಾರೆ.

ಈಗ ಇದೇ ದಿನಚರಿಯನ್ನು ಇಂಗ್ಲಿಷಿನಲ್ಲಿ ಬರೆಯಲು ಕೂತರೆ 'ಪುಟ್' ಬಹುತೇಕ ಕಡೆ ಕೈಕೊಡುತ್ತದೆ. ದನವನ್ನು 'ಫೀಡ್' ಮಾಡಬೇಕು. ರಂಗೋಲಿ 'ಡ್ರಾ'. ಡೇರಿಗೆ ಹಾಲು 'ಸಪ್ಲೈ'. ಬಟ್ಟೆಗೆ ಮಾತ್ರ 'ಪುಟ್' ನಡೆಯುತ್ತದೆ, ಅದಕ್ಕೂ 'ಆನ್' ಎಂಬ ಬಾಲ ಬೇಕು. ಬೀಗ ಹಾಕುವುದಕ್ಕೆ ಬಾಗಿಲನ್ನೇ 'ಲಾಕ್' ಎನ್ನಬೇಕು. ಬೀಗ ಎಂಬ ನಾಮಪದ ಕ್ರಿಯಾಪದದೊಳಗೇ ಕರಗಿಹೋಯಿತು. ಸಹಿಗೂ ಅದೇ ಗತಿ, 'ಸೈನ್' ಎಂದರೆ ಮುಗಿಯಿತು, ಹಾಕುವ ಕೆಲಸವೇ ಇಲ್ಲ. ಗೊಬ್ಬರ 'ಅಪ್ಲೈ'. ಬೆಳೆ 'ಗ್ರೋ'. ಅರ್ಜಿ 'ಸಬ್ಮಿಟ್'. ಪಾಯ 'ಲೇ'. ಕೇಸು 'ಫೈಲ್'. ಓಟು 'ಕಾಸ್ಟ್', ಅಂದರೆ ಎಸೆಯುವುದು. ಮೀನುಗಾರ ಬಲೆ ಬೀಸುವುದಕ್ಕೂ ಮತದಾರ ಓಟು ಹಾಕುವುದಕ್ಕೂ ಇಂಗ್ಲಿಷರು ಒಂದೇ ಕ್ರಿಯಾಪದ ಇಟ್ಟುಕೊಂಡಿದ್ದಾರೆ. ನಮ್ಮ ರಾಜಕೀಯ ಬಲ್ಲವರಿಗೆ ಇದರಲ್ಲಿ ಏನೋ ಧ್ವನಿ ಕೇಳಿಸಬಹುದು. ಆದರೆ ಹೀಗೇ ಏಕೆ ಎಂದು ಕೇಳಿದರೆ ಬಳಕೆ ಹಾಗಿದೆ ಎನ್ನುವುದರ ಹೊರತು ಬೇರೆ ಉತ್ತರವಿಲ್ಲ.

ಬಳಕೆಯ ಈ ಹಟ ಕನ್ನಡಕ್ಕೇನೂ ಕಡಿಮೆಯಿಲ್ಲ. ಮಗುವಿಗೆ ಹೆಸರು ಇಡುತ್ತೇವೆ, ಪಟ್ಟಿಯಲ್ಲಿ ಹೆಸರು ಹಾಕುತ್ತೇವೆ. ಅದಲುಬದಲು ಮಾಡಿದರೆ ಅರ್ಥವೇ ಬೇರೆ. ನಿದ್ದೆ ಬರುತ್ತದೆ, ಹತ್ತುತ್ತದೆ, ಕೆಡುತ್ತದೆ. ನಾವು ನಿದ್ದೆ ಮಾಡುತ್ತೇವೆ, ತೆಗೆಯುತ್ತೇವೆ. ಬೆಂಗಳೂರಿಗೆ ಕೆಲಸಕ್ಕೆ ಬಂದು ಶ್ರದ್ಧೆಯಿಂದ ಕನ್ನಡ ಕಲಿತವರು 'ಊಟ ತಿಂದ್ರಾ?' ಎಂದಾಗ ನಮ್ಮ ತುಟಿಯಂಚಿನಲ್ಲಿ ಒಂದು ನಗು ಮೂಡುತ್ತದಲ್ಲ, 'ಪುಟ್ಟಿಂಗ್ ಲೀವ್' ಓದಿದವರ ತುಟಿಯಂಚಿನಲ್ಲಿ ಮೂಡುವುದೂ ಅದೇ ನಗು. ಅದರಲ್ಲಿ ಅವಮಾನ ಹುಡುಕಬೇಕಾಗಿಲ್ಲ.

ಪದಗಳ ಕೂಡಾವಳಿ ನಮ್ಮ ಹಿಂದಿನವರಿಗೂ ತಲೆಬಿಸಿಯ ವಿಷಯವಾಗಿತ್ತು. ಮುಳುಗುಂದದ ನಯಸೇನ 1112ರಲ್ಲಿ 'ಧರ್ಮಾಮೃತ' ಬರೆಯುವಾಗ, ಕನ್ನಡದ ನಡುವೆ ಬೇಕಾಬಿಟ್ಟಿ ಸಂಸ್ಕೃತ ತುರುಕುವವರನ್ನು ತುಪ್ಪಕ್ಕೆ ಎಣ್ಣೆ ಬೆರೆಸುವವರೆಂದು ಹಳಿದ. ಹದಿಮೂರನೆಯ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ಒಗ್ಗದ ಪದಗಳ ಜೋಡಣೆಯನ್ನು ಅರಿಸಮಾಸ ಎಂದು ಕರೆದು ದೂರವಿಟ್ಟ. ಬಿಸಿನೀರು ಸರಿ, ಉಷ್ಣೋದಕವೂ ಸರಿ. ಆದರೆ 'ಬಿಸಿಯುದಕ' ಎಂದರೆ ಯಾರ ಬಾಯಿಗೂ ಹಿಡಿಸದು. ಕೇಶಿರಾಜನ ಜಾಣತನ ಇರುವುದು ಅವನು ಕೊಟ್ಟ ರಿಯಾಯಿತಿಯಲ್ಲಿ. ಬಿರುದಾವಳಿಗಳಲ್ಲಿ ಬಂದ, ಹಿಂದಿನ ಕವಿಗಳು ಬಳಸಿಬಿಟ್ಟ ಅರಿಸಮಾಸಗಳನ್ನು ಅವನು ಒಪ್ಪಿಕೊಂಡ. ಸೂತ್ರ ಬರೆಯುವವನೂ ಕೊನೆಗೆ ಬಳಕೆಗೆ ತಲೆಬಾಗಲೇಬೇಕಾಯಿತು.

ಇಂಗ್ಲಿಷಿನಲ್ಲಿ ಪದಗಳ ಈ ಸಹವಾಸವನ್ನು ಗಂಭೀರವಾಗಿ ಅಭ್ಯಾಸ ಮಾಡುವ ಕೆಲಸಕ್ಕೆ ಕುಮ್ಮಕ್ಕು ಸಿಕ್ಕಿದ್ದು ಇಂಗ್ಲೆಂಡಿನಲ್ಲಲ್ಲ, ನಮ್ಮಂಥವರೇ ಕಲಿಯುತ್ತಿದ್ದ ಏಷ್ಯಾದಲ್ಲಿ. ಹೆರಾಲ್ಡ್ ಪಾಮರ್ ಎಂಬ ಇಂಗ್ಲಿಷ್ ಮೇಷ್ಟ್ರು 1922ರಲ್ಲಿ ಜಪಾನಿಗೆ ಹೋದರು. ಅಲ್ಲಿನ ಹುಡುಗರಿಗೂ ವ್ಯಾಕರಣ ಕಂಠಪಾಠವಾಗಿತ್ತು, ವಾಕ್ಯ ಮಾತ್ರ ಸೊಟ್ಟಗಾಗುತ್ತಿತ್ತು. ಪಾಮರ್ ಇಂಗ್ಲಿಷಿನ ಸಿದ್ಧ ಪದಜೋಡಿಗಳನ್ನು ಗುಡ್ಡೆ ಹಾಕಿ 1933ರಲ್ಲಿ ಟೋಕಿಯೊದಲ್ಲಿ ಒಂದು ವರದಿ ಪ್ರಕಟಿಸಿದರು. ಅವರ ಜೊತೆ ದುಡಿದ ಎ.ಎಸ್. ಹಾರ್ನ್‌ಬಿ ಕಲಿಯುವವರಿಗೆಂದೇ ಒಂದು ನಿಘಂಟು ಸಿದ್ಧಪಡಿಸಿದರು. ಅದು ಅಚ್ಚಾದದ್ದು 1942ರಲ್ಲಿ, ಎರಡು ದೇಶಗಳೂ ಯುದ್ಧದಲ್ಲಿ ಎದುರುಬದುರಾಗಿದ್ದಾಗ, ಟೋಕಿಯೊದಲ್ಲಿಯೇ. ಆಕ್ಸ್‌ಫರ್ಡ್ ಪ್ರೆಸ್ 1948ರಲ್ಲಿ ಅದನ್ನೇ ತನ್ನ ಹೆಸರಿನಲ್ಲಿ ಹೊರತಂದಿತು. ಇವತ್ತು ದಾವಣಗೆರೆಯ ಪುಸ್ತಕದಂಗಡಿಯಲ್ಲಿ ಸಿಗುವ ಆ ದಪ್ಪನೆಯ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿ ಅದರದೇ ಮೊಮ್ಮಗು. ಹೆಚ್ಚಿನವರು ಅದನ್ನು ಅರ್ಥ ನೋಡಲು ತೆರೆದು, ಅರ್ಥ ಸಿಕ್ಕ ಕೂಡಲೇ ಮುಚ್ಚುತ್ತಾರೆ. ಅದರ ಜೀವ ಇರುವುದು ಅರ್ಥದ ಕೆಳಗೆ ಓರೆ ಅಕ್ಷರದಲ್ಲಿ ಕೊಟ್ಟ ಉದಾಹರಣೆಗಳಲ್ಲಿ.

ಇದಕ್ಕೆ ಸಿದ್ಧಾಂತದ ಬೆನ್ನೆಲುಬು ಕೊಟ್ಟ ಜೆ.ಆರ್. ಫರ್ತ್ ಕೂಡ ನಮ್ಮ ಕಡೆ ಮೇಷ್ಟ್ರಾಗಿದ್ದವರೇ. 1919ರಿಂದ 1928ರವರೆಗೆ ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದರು. ಪದ ಎಂಥದ್ದೆಂದು ತಿಳಿಯಬೇಕಾದರೆ ಅದು ಯಾರ ಜೊತೆ ಓಡಾಡುತ್ತದೆ ನೋಡಿ ಎಂಬರ್ಥದ ಅವರ 1957ರ ಮಾತು ಈಗ ಭಾಷಾಶಾಸ್ತ್ರದ ಗಾದೆಯಂತಾಗಿದೆ. ಅವರ ಶಿಷ್ಯ ಹ್ಯಾಲಿಡೆ ಚಹದ ಉದಾಹರಣೆ ಕೊಟ್ಟರು. 'ಸ್ಟ್ರಾಂಗ್' ಮತ್ತು 'ಪವರ್‌ಫುಲ್' ಎರಡಕ್ಕೂ ಅರ್ಥ ಹತ್ತಿರ ಹತ್ತಿರ ಒಂದೇ. ಆದರೆ ಟೀ 'ಸ್ಟ್ರಾಂಗ್' ಇರಬಹುದೇ ಹೊರತು 'ಪವರ್‌ಫುಲ್' ಅಲ್ಲ. ಕಾರಿನ ಎಂಜಿನ್ 'ಪವರ್‌ಫುಲ್'. ಇದನ್ನು ನಮ್ಮ ಕಡೆಯವರಿಗೆ ವಿವರಿಸಬೇಕಾಗಿಯೇ ಇಲ್ಲ. ದಾವಣಗೆರೆ ಬಸ್ ನಿಲ್ದಾಣದ ಪಕ್ಕ 'ಖಡಕ್ ಚಾ' ಎಂದರೆ ಏನು ಬರುತ್ತದೆಂದು ಗೊತ್ತು. ಖಡಕ್ ರೊಟ್ಟಿ ಉಂಟು, ಖಡಕ್ ಅಧಿಕಾರಿ ಉಂಟು, ಮಂತ್ರಿಗಳ ಖಡಕ್ ಸೂಚನೆಯಂತೂ ದಿನಾ ಪತ್ರಿಕೆಯಲ್ಲಿ ಉಂಟು. ಖಡಕ್ ಮಳೆ ಇಲ್ಲ. ಮಳೆ ಜೋರು, ಭಾರಿ, ಧಾರಾಕಾರ, ಜಡಿ. ಇಂಗ್ಲಿಷಿನವರಿಗೂ ಮಳೆ ಭಾರವೇ, 'ಹೆವಿ ರೇನ್'. ಹಾಗೆಂದು ನಾವು ಭಾರಿ ಗಾಳಿ ಎಂದಂತೆ 'ಹೆವಿ ವಿಂಡ್' ಬರೆದರೆ ತಪ್ಪಿತು. ಗಾಳಿ ಅವರಿಗೆ 'ಸ್ಟ್ರಾಂಗ್', ಚಹದ ಹಾಗೆ.

ಇಷ್ಟೆಲ್ಲ ಕೇಳಿದ ಮೇಲೆ ಕಲಿಯುವವರಿಗೆ ಕೈಕಾಲು ತಣ್ಣಗಾಗುವುದು ಸಹಜ. ಸಾವಿರಾರು ಜೋಡಿಗಳನ್ನು ಯಾರು ನೆನಪಿಡುತ್ತಾರೆ? ನನಗೆ ಅಷ್ಟು ಹೆದರಿಕೆ ಕಾಣುವುದಿಲ್ಲ, ಏಕೆಂದರೆ ಒಂದಷ್ಟು ಜೋಡಿಗಳು ಆಗಲೇ ನಮ್ಮ ಬಾಯಲ್ಲಿವೆ. ಇಂಗ್ಲಿಷಿನ ಒಂದಕ್ಷರ ಓದದ ಹಿರಿಯರೂ 'ಲೋನ್ ಸ್ಯಾಂಕ್ಷನ್ ಆಯ್ತಾ?' ಎಂದೇ ಕೇಳುತ್ತಾರೆ. ಲೋನ್ 'ಅಲೋ' ಆಯಿತಾ ಎಂದು ಯಾರೂ ಕೇಳುವುದಿಲ್ಲ. ಪೆನ್ಷನ್ 'ಡ್ರಾ' ಮಾಡುತ್ತಾರೆ. ಅಕೌಂಟ್ 'ಓಪನ್' ಮಾಡಿಸುತ್ತಾರೆ. ಬಿಲ್ 'ಪಾಸ್' ಆಗದೆ ಗುತ್ತಿಗೆದಾರ ಪರದಾಡುತ್ತಾನೆ. ಫೈಲ್ 'ಮೂವ್' ಆಗುವುದಿಲ್ಲ ಎಂದು ತಾಲ್ಲೂಕು ಕಚೇರಿಯ ಕಟ್ಟೆಯ ಮೇಲೆ ಕೂತವರು ಬೈಯುತ್ತಾರೆ. ಯಾವ ಶಾಲೆಯೂ ಇದನ್ನು ಕಲಿಸಲಿಲ್ಲ. ಕೌಂಟರಿನ ಮುಂದೆ ನಿಂತು, ಕೆಲಸ ಆಗಬೇಕಾದ ತುರ್ತಿನಲ್ಲಿ, ಎರಡೂ ಪದಗಳನ್ನು ಒಟ್ಟಿಗೇ ಕೇಳಿಸಿಕೊಂಡದ್ದರಿಂದ ಅವು ಬಿಡಿಸಲಾಗದಂತೆ ಅಂಟಿಕೊಂಡವು. ರಜಾ ಅರ್ಜಿಯ 'ಗ್ರಾಂಟ್' ಕೂತದ್ದೂ ಹೀಗೆಯೇ. ಅಂದಮೇಲೆ ನಮ್ಮವರಿಗೆ ಇಂಗ್ಲಿಷ್ ಹತ್ತುವುದಿಲ್ಲ ಎಂಬ ಮಾತನ್ನು ನಾನು ನಂಬುವುದಿಲ್ಲ.

ಹಾಗಾಗಿ ಆ ನೋಟ್‌ಬುಕ್ಕಿನಲ್ಲೇ ಸ್ವಲ್ಪ ಬದಲಾವಣೆ ಸಾಕು. 'ಕಂಪ್ಲೇಂಟ್' ಎಂಬ ಪದ ಸಿಕ್ಕರೆ 'ದೂರು' ಎಂದು ಬರೆದು ಮುಂದೆ ಹೋಗಬಾರದು. ಅದನ್ನು ಏನು ಮಾಡುತ್ತಾರೆ ಎಂದು ಕೇಳಬೇಕು: 'ಲಾಡ್ಜ್' ಮಾಡುತ್ತಾರೆ, 'ಫೈಲ್' ಮಾಡುತ್ತಾರೆ, ಮೇಲಿನವರು 'ಲುಕ್ ಇನ್‌ಟು' ಮಾಡುತ್ತಾರೆ. ಯಾವಾಗಲೂ ನಾಮಪದದಿಂದ ಶುರುಮಾಡಬೇಕು. ಏಕೆಂದರೆ ಬರೆಯುವವನಿಗೆ ತಾನು ಯಾವುದರ ಬಗ್ಗೆ ಬರೆಯುತ್ತಿದ್ದೇನೆ ಎಂಬುದು ಗೊತ್ತೇ ಇರುತ್ತದೆ: ಸಾಲ, ಬೆಳೆ, ಪರೀಕ್ಷೆ, ತಪ್ಪು. ತಪ್ಪಿಹೋಗುವುದು ಅದಕ್ಕೆ ಹೊಂದುವ ಕ್ರಿಯಾಪದ, ಇಲ್ಲವೇ ವಿಶೇಷಣ. 2002ರಲ್ಲಿ ಮೊದಲು ಬಂದ ಆಕ್ಸ್‌ಫರ್ಡ್ ಕಾಲೊಕೇಷನ್ಸ್ ಡಿಕ್ಷನರಿಯನ್ನು ಕಟ್ಟಿರುವುದೇ ಹೀಗೆ. ಹತ್ತು ಕೋಟಿ ಪದಗಳ ಬ್ರಿಟಿಷ್ ಬರಹ ಮತ್ತು ಮಾತಿನ ಸಂಗ್ರಹವನ್ನು ಜಾಲಾಡಿ, ಪ್ರತಿ ಪದದ ಕೆಳಗೂ ಅದರ ಬಳಗವನ್ನು ಕೂರಿಸಿದ್ದಾರೆ. ಅದರಲ್ಲಿ ಅರ್ಥ ಸಿಗುವುದಿಲ್ಲ, ಜೊತೆಗಾರರು ಸಿಗುತ್ತಾರೆ. 'ಪ್ರೈಸ್' ಎಂಬಲ್ಲಿ ನೋಡಿದರೆ ಬೆಲೆ 'ಹೈ' ಅಥವಾ 'ಲೋ' ಎಂದು ತಿಳಿಯುತ್ತದೆ. ನಮ್ಮಲ್ಲಿ ಅಡಿಕೆ ಮಾರುವವರಿಂದ ಹಿಡಿದು ಸೀರೆ ಮಾರುವವರವರೆಗೆ ಎಲ್ಲರೂ ಬರೆಯುವ 'ಚೀಪ್ ರೇಟ್', 'ಕಾಸ್ಟ್ಲಿ ರೇಟ್' ಅಲ್ಲಿ ಕಾಣುವುದು ಕಷ್ಟ. ಇಂಗ್ಲಿಷಿನಲ್ಲಿ 'ಚೀಪ್' ಆಗುವುದು ಸರಕು, ಬೆಲೆಯಲ್ಲ. ರೇಟು ಬೀಳುವುದು, ಏರುವುದು ಮಾತ್ರ ಎರಡೂ ಭಾಷೆಯಲ್ಲಿ ಒಂದೇ. ಚನ್ನಗಿರಿಯ ಅಡಿಕೆ ಬೆಳೆಗಾರರಿಗೆ ಇದರಲ್ಲೇನೂ ಸಮಾಧಾನವಿಲ್ಲವೆನ್ನಿ.

ಜೋಡಿಗಳನ್ನು ಹೀಗೆ ಎದುರುಬದುರು ಇಟ್ಟು ನೋಡುವುದರಲ್ಲಿ ಒಂದು ಸುಖವೂ ಇದೆ. ಇಂಗ್ಲಿಷಿನವರು 'ಅಟೆನ್ಷನ್' ಅನ್ನು 'ಪೇ' ಮಾಡುತ್ತಾರೆ, ಹಣ ಎಣಿಸಿ ಕೊಟ್ಟ ಹಾಗೆ. ನಾವು ಗಮನ ಹರಿಸುತ್ತೇವೆ, ಭದ್ರಾ ನಾಲೆಯ ನೀರನ್ನು ಗದ್ದೆಯ ಮಡಿಗೆ ತಿರುಗಿಸಿದ ಹಾಗೆ. ಅವರು ನಾಟಕದ ಪಾತ್ರವನ್ನು 'ಪ್ಲೇ' ಮಾಡುತ್ತಾರೆ. ಆ ಮಾತು ಪತ್ರಿಕೆಗಳ ಮೂಲಕ ಕನ್ನಡಕ್ಕೆ ಬಂದಾಗ ನಾವು ಪಾತ್ರ ಆಡಲಿಲ್ಲ, ವಹಿಸಿದೆವು, ಹೊಣೆ ವಹಿಸಿದಂತೆ. ಅನುವಾದ ಮಾಡಿದ ಪುಣ್ಯಾತ್ಮರು ಯಾರೋ, ನಾಮಪದಕ್ಕೆ ಕನ್ನಡದ್ದೇ ಜೊತೆ ಹುಡುಕಿಕೊಟ್ಟರು. ಇಂಗ್ಲಿಷಿಗೆ ಹೋಗುವಾಗಲೂ ಬೇಕಾದದ್ದು ಅದೇ ಸೂಕ್ಷ್ಮ.

ಮೊಬೈಲು ಇದನ್ನೆಲ್ಲ ತಾನೇ ಮಾಡಿಕೊಡುತ್ತದಲ್ಲ ಎನ್ನುವವರಿದ್ದಾರೆ. ನಿಜ, ಒಂದು ಪದ ಒತ್ತಿದರೆ ಮುಂದಿನದನ್ನು ಕೀಲಿಮಣೆಯೇ ತೋರಿಸುತ್ತದೆ. ಯಂತ್ರಕ್ಕೆ ಅರ್ಥದ ಚಿಂತೆಯಿಲ್ಲ. ಯಾವ ಪದದ ಹಿಂದೆ ಯಾವುದು ಬರುತ್ತದೆಂಬ ಲೆಕ್ಕವಿದೆ. ಫರ್ತ್ ಹೇಳಿದ್ದನ್ನೇ ಅದು ಚಾಚೂ ತಪ್ಪದೆ ಪಾಲಿಸುತ್ತಿದೆ. ತೊಂದರೆ ಏನೆಂದರೆ ಅದು ಕೊಡುವುದು ಅತಿ ಹೆಚ್ಚು ಸವೆದ ಜೋಡಿಯನ್ನು. ಕೆಲಸ ಕೇಳುವ ಪತ್ರಗಳೆಲ್ಲ ಈಗ 'ಐ ಹೋಪ್ ದಿಸ್ ಇಮೇಲ್ ಫೈಂಡ್ಸ್ ಯೂ ವೆಲ್' ಎಂದೇ ಶುರುವಾಗುತ್ತವೆ. ಹೊಸ ತಲೆಮಾರಿನ 'ಸಫರಿಂಗ್ ಫ್ರಮ್ ಫೀವರ್' ಇದು.

ಇನ್ನು ಭಾರತದ ಇಂಗ್ಲಿಷ್ ತನಗೆ ತಾನೇ ಮಾಡಿಕೊಂಡ ಜೋಡಿಗಳ ವಿಚಾರ. ನಾವು ದಕ್ಷಿಣದವರು ಪರೀಕ್ಷೆ 'ರೈಟ್' ಮಾಡುತ್ತೇವೆ, ಉತ್ತರದವರು 'ಗಿವ್' ಮಾಡುತ್ತಾರೆ. ಬರೆಯುವುದೂ ಕೊಡುವುದೂ ಅವರವರ ಭಾಷೆಯಿಂದ ಬಂದದ್ದು. ಇಂಗ್ಲೆಂಡಿನಲ್ಲಿ ಪರೀಕ್ಷೆಗೆ 'ಸಿಟ್' ಅಥವಾ 'ಟೇಕ್'. ಅಲ್ಲಿ ಪರೀಕ್ಷೆ 'ಗಿವ್' ಮಾಡುವವರು ಮೇಷ್ಟ್ರು. ಎಂಜಿನಿಯರಿಂಗ್ ಮುಗಿಸಿದ ನಮ್ಮ ಹುಡುಗರು ಬಯೋಡಾಟಾದಲ್ಲಿ 'ಪಾಸ್ಡ್ ಔಟ್' ಎಂದು ಹೆಮ್ಮೆಯಿಂದ ಬರೆಯುತ್ತಾರೆ. ಹೊರದೇಶದಲ್ಲಿ ಅದನ್ನು ಓದಿದವರು ಪಾಪ, ತಲೆಸುತ್ತಿ ಬಿದ್ದನೇನೋ ಎಂದುಕೊಳ್ಳುತ್ತಾರೆ. 'ಡೂ ದಿ ನೀಡ್‌ಫುಲ್' ಎಂಬುದರ ಕಥೆ ಇನ್ನೂ ಸ್ವಾರಸ್ಯ. ಅದು ನಮ್ಮ ಸೃಷ್ಟಿಯಲ್ಲ, ಹಳೆಯ ಬ್ರಿಟಿಷ್ ಇಂಗ್ಲಿಷೇ. ಅವರು ಅದನ್ನು ಹೆಚ್ಚುಕಡಿಮೆ ಕೈಬಿಟ್ಟರು, ನಮ್ಮ ಕಚೇರಿಗಳು ಇಟ್ಟುಕೊಂಡವು. ಬೆಳಗಾವಿಯ ಆಚೆಗಿನ ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲಿ ಎಸ್.ವಿ. ಶಾಸ್ತ್ರಿ ಮತ್ತು ಸಂಗಡಿಗರು 1978ರಲ್ಲಿ ಭಾರತದಲ್ಲಿ ಅಚ್ಚಾದ ಇಂಗ್ಲಿಷ್ ಬರಹಗಳಿಂದ ಹತ್ತು ಲಕ್ಷ ಪದಗಳನ್ನು ಆಯ್ದು ಕಂಪ್ಯೂಟರಿಗೆ ಏರಿಸಿದರು. ಬ್ರಿಟನ್, ಅಮೆರಿಕಗಳ ಅಂಥದೇ ಸಂಗ್ರಹಗಳ ಪಕ್ಕದಲ್ಲಿಟ್ಟು ಹೋಲಿಸಲು ಆಮೇಲೆ ಸಾಧ್ಯವಾಯಿತು. ಭಾರತೀಯ ಇಂಗ್ಲಿಷ್ ಬರೀ ತಪ್ಪುಗಳ ಮೂಟೆಯಲ್ಲ, ಅದಕ್ಕೂ ತನ್ನದೇ ಬಳಕೆಯಿದೆ ಎಂದು ವಾದಿಸುವವರ ಕೈಗೆ ಒಂದು ಆಧಾರ ಸಿಕ್ಕಿತು.

ಹೊನ್ನಾಳಿಯ ಕಚೇರಿಗೆ ಹುಡುಗಿಯೊಬ್ಬಳು ಬರೆಯುವ ಪತ್ರದಲ್ಲಿ 'ಡೂ ದಿ ನೀಡ್‌ಫುಲ್' ಇದ್ದರೆ ನಾನು ತಿದ್ದುವುದಿಲ್ಲ. ಓದುವವರಿಗೆ ಅದು ತಿಳಿಯುತ್ತದೆ, ಬರೆದವರ ವಿನಯವೂ ತಿಳಿಯುತ್ತದೆ. ಅದೇ ಹುಡುಗಿ ಹೊರದೇಶದ ವಿಶ್ವವಿದ್ಯಾಲಯಕ್ಕೆ ಅರ್ಜಿ ಬರೆಯುತ್ತಿದ್ದರೆ ತಿದ್ದುತ್ತೇನೆ. ಅಲ್ಲಿನ ಓದುಗ ಆ ಮಾತಿನ ಬಳಿ ಒಂದು ಕ್ಷಣ ನಿಲ್ಲುತ್ತಾನೆ. ನಿಂತ ಮೇಲೆ ಅವಳು ಹೇಳಬೇಕೆಂದಿದ್ದ ವಿಷಯ ಬಿಟ್ಟು ಅವಳ ಇಂಗ್ಲಿಷನ್ನು ನೋಡತೊಡಗುತ್ತಾನೆ. 'ಪುಟ್ಟಿಂಗ್ ಲೀವ್' ಮಾತ್ರ ಎರಡು ಕಡೆಯೂ ಬೇಡ. ಆಡುವಾಗ ಹೇಗೋ ನಡೆಯಲಿ, ಬರಹದಲ್ಲಿ ಅದಕ್ಕೆ ವಕಾಲತ್ತು ವಹಿಸುವಷ್ಟು ವಯಸ್ಸಾಗಿಲ್ಲ.

ಜೋಡಿಗಳನ್ನು ಬೇಕೆಂದೇ ಮುರಿದವರೂ ನಮ್ಮಲ್ಲಿದ್ದಾರೆ. ಹಾಸನದಲ್ಲಿ 1908ರಲ್ಲಿ ಹುಟ್ಟಿದ ರಾಜಾ ರಾವ್ 1938ರ 'ಕಾಂತಾಪುರ'ದಲ್ಲಿ ಹಳ್ಳಿಯ ಅಜ್ಜಿಯೊಬ್ಬಳ ಬಾಯಿಂದ ಇಡೀ ಕಾದಂಬರಿಯನ್ನು ಇಂಗ್ಲಿಷಿನಲ್ಲಿ ಹೇಳಿಸಿದರು. ಉಸಿರು ಬಿಡದೆ ಕಥೆ ಹೇಳುವ ಕನ್ನಡದ ಓಟ ಅದರ ಅಡಿಯಲ್ಲಿ ಹರಿಯುತ್ತದೆ. ತಮ್ಮದಲ್ಲದ ನುಡಿಯಲ್ಲಿ ತಮ್ಮ ಜೀವಭಾವವನ್ನು ಹೇಳಬೇಕಾದ ಕಷ್ಟವನ್ನು ಮುನ್ನುಡಿಯಲ್ಲೇ ತೋಡಿಕೊಂಡರು. ಅದೇ ಕಾಲದಲ್ಲಿ ಮೈಸೂರಿನಲ್ಲಿ ಕೂತು ಆರ್.ಕೆ. ನಾರಾಯಣ್ ಮಾಲ್ಗುಡಿಯನ್ನು ಕಟ್ಟುತ್ತಿದ್ದರು, ಯಾವ ಇಂಗ್ಲಿಷ್ ಓದುಗನೂ ಎಡವದ ತೀರ ಸಾದಾ ಜೋಡಿಗಳಲ್ಲಿ. ಇಬ್ಬರಲ್ಲಿ ಯಾರು ಹೆಚ್ಚು ಕನ್ನಡನಾಡಿನವರು ಎಂದು ವಿಮರ್ಶಕರು ಜಗಳವಾಡಿಕೊಳ್ಳಲಿ. ಇಬ್ಬರಿಗೂ ಸಿದ್ಧ ಜೋಡಿ ಯಾವುದೆಂದು ಚೆನ್ನಾಗಿ ಗೊತ್ತಿತ್ತು; ಒಬ್ಬರು ಅದರ ಬಳಿ ನಿಂತರು, ಇನ್ನೊಬ್ಬರು ಅದನ್ನು ದಾಟಿ ಹೋದರು.